ಹನ್ನೆರಡೇ ಜನರಿಗೆ ಒಂದು ನಾಟಕವಂತೆ: ಹೋಗಲೇ, ಬೇಡವೇ?

ಮೂರ್ನಾಡು ಹುಡುಗಿ
ಎಲ್ಲರಿಗೂ ನಮಸ್ಕಾರ. ಕೊಡಗಿನ ಕಕ್ಕಬೆಯ ಕಡೆ ಹಳೆಯ ತೋಟದ ಬಂಗಲೆಯೊಂದರಲ್ಲಿ ಬೆಂಗಳೂರಿನ ಚಿಕ್ಕ ತಂಡವೊಂದು ನಾಟಕ ಆಡುತ್ತಿದೆ. ವೇದಿಕೆ ಇಲ್ಲ, ಕುರ್ಚಿಗಳ ಸಾಲೂ ಇಲ್ಲ. ಒಂದು ಪ್ರದರ್ಶನಕ್ಕೆ ಹನ್ನೆರಡೇ ಜನ. ನಟರ ಹಿಂದೆ ಕೋಣೆಯಿಂದ ಕೋಣೆಗೆ ನಡೆಯಬೇಕಂತೆ, ಅವರು ನಮ್ಮನ್ನು ಮಾತನಾಡಿಸುತ್ತಾರಂತೆ. ಮನೆಯೊಂದು ಮಾರಾಟವಾಗುವ ಹಿಂದಿನ ರಾತ್ರಿ ಪಾಲಿಗಾಗಿ ಸೇರಿದ ನೆಂಟರ ಕಥೆ. ಆ ನೆಂಟರು ನಾವೇ. ಟಿಕೆಟ್ 1,200 ರೂಪಾಯಿ. ಬಾಗಿಲಲ್ಲೇ ಮೊಬೈಲ್ ಒಪ್ಪಿಸಿ ಒಂದು ಕಾಗದಕ್ಕೆ ಸಹಿ ಹಾಕಬೇಕು.

ಎರಡು ಟಿಕೆಟ್ ತೆಗೆದಿಟ್ಟಿದ್ದ ಗೆಳತಿಗೆ ಬರಲಾಗದೆ ನನಗೆ ದಾಟಿಸಿದ್ದಾಳೆ. ಅಪ್ಪನನ್ನು ಕರೆದುಕೊಂಡು ಹೋಗೋಣ ಎಂದುಕೊಂಡಿದ್ದೇನೆ. ಅಪ್ಪನಿಗೆ ಮಂಡಿನೋವು, ಎಡಗಿವಿ ಅಷ್ಟಾಗಿ ಕೇಳಿಸುವುದಿಲ್ಲ. ನನಗೋ ನಾಲ್ಕು ಜನರ ಎದುರು ಹೆಸರು ಹೇಳಲೂ ಗಂಟಲು ಕಟ್ಟುತ್ತದೆ. ಮಧ್ಯದಲ್ಲಿ ನಿಲ್ಲಿಸಿ ಅಭಿನಯಿಸು ಎಂದರೆ ಏನು ಮಾಡುವುದು? ಇಂಥದ್ದಕ್ಕೆ ಹೋದವರು ಯಾರಾದರೂ ಇದ್ದೀರಾ?

ಕರಿಮೆಣಸು
1,200 ಕೊಟ್ಟು ಆಸ್ತಿ ಜಗಳ ನೋಡಬೇಕೇ? ನಮ್ಮ ಮನೆಗೆ ಬನ್ನಿ, ಬಿಟ್ಟಿ. ಕಾಫಿಯೂ ಸಿಗುತ್ತದೆ.

ಹಾರಂಗಿ ದಂಡೆ
ನಿಮ್ಮ ಮನೆಯಲ್ಲಿ ಪ್ರದರ್ಶನ ಎಷ್ಟು ಗಂಟೆಗೆ?

ಕರಿಮೆಣಸು
ಅಣ್ಣ ತಾಲ್ಲೂಕು ಕಚೇರಿಯಿಂದ ಬಂದ ಕೂಡಲೇ.

ಏಲಕ್ಕಿ ಗಾಳಿ
ಖಂಡಿತ ಹೋಗಿ. ಈ ಬಗೆಯ ನಾಟಕಗಳಲ್ಲಿ ಅತ್ಯಂತ ಹೆಸರು ಮಾಡಿದ 'ಸ್ಲೀಪ್ ನೋ ಮೋರ್' ಅನ್ನು ನಾನು ನ್ಯೂಯಾರ್ಕಿನಲ್ಲಿ ಕೆಲಸದಲ್ಲಿದ್ದಾಗ ನೋಡಿದ್ದೆ. ಪಂಚ್‌ಡ್ರಂಕ್ ಎಂಬ ಬ್ರಿಟನ್ನಿನ ತಂಡದ್ದು. ಅಲ್ಲಿ 2011ರಲ್ಲಿ ಆರಂಭವಾಗಿ 2025ರ ಜನವರಿಯವರೆಗೂ ನಡೆಯಿತು. ಮ್ಯಾಕ್‌ಬೆತ್‌ನ ಕಥೆಯನ್ನು ಹಲವು ಮಹಡಿಗಳಲ್ಲಿ ಹರಡಿಟ್ಟಿದ್ದರು. ನಮಗೆಲ್ಲ ಬಿಳಿಯ ಮುಖವಾಡ, ಮಾತು ನಿಷಿದ್ಧ. ಮೇಜಿನ ಡ್ರಾಯರ್ ಎಳೆದು ಅದರಲ್ಲಿದ್ದ ಪತ್ರ ಓದಬಹುದು, ಇಷ್ಟವಾದ ನಟನ ಹಿಂದೆ ಮೆಟ್ಟಿಲು ಹತ್ತಿ ಓಡಬಹುದು. ನಾನು ಯಾರೋ ದಾದಿಯ ಹಿಂದೆ ಹೋಗಿ ಕೊಲೆಯ ದೃಶ್ಯವನ್ನೇ ತಪ್ಪಿಸಿಕೊಂಡೆ!

ಆದರೆ ನೀವು ಹೇಳುತ್ತಿರುವುದಕ್ಕೂ ಅದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಅಲ್ಲಿ ಒಂದು ರಾತ್ರಿಗೆ ನೂರಾರು ಜನ. ಮುಖವಾಡ ಹಾಕಿಕೊಂಡರೆ ನೀವು ಯಾರೂ ಅಲ್ಲ. ಸಂಕೋಚದವರಿಗೆ ಅದು ಬಲು ಸುಖ. ಹನ್ನೆರಡು ಜನರಲ್ಲಿ ಬರಿಯ ಮುಖ ಹೊತ್ತು ನಿಂತರೆ ಅಡಗಲು ಜಾಗವಿಲ್ಲ.

ಮೂರ್ನಾಡು ಹುಡುಗಿ
ಧೈರ್ಯ ತುಂಬುತ್ತೀರಿ ಎಂದುಕೊಂಡು ಓದುತ್ತಾ ಬಂದೆ ಅಕ್ಕಾ.

ನಿವೃತ್ತ ಮೇಷ್ಟರು, ನಾಪೋಕ್ಲು
ಮೂರ್ನಾಡಿನ ತಂಗಿ ಹೆದರಬೇಕಾಗಿಲ್ಲ. ಇದು ನಿನ್ನೆ ಮೊನ್ನೆ ಹುಟ್ಟಿದ ಆಟವಲ್ಲ. ಪೋಲೆಂಡಿನಲ್ಲಿ ಗ್ರೊಟೊವ್‌ಸ್ಕಿ 1963ರಲ್ಲಿ 'ಡಾಕ್ಟರ್ ಫಾಸ್ಟಸ್' ನಾಟಕ ಆಡಿಸಿದಾಗ ಪ್ರೇಕ್ಷಕರನ್ನು ಉದ್ದನೆಯ ಮೇಜುಗಳ ಬದಿಯಲ್ಲಿ ಕೂರಿಸಿದ. ಫಾಸ್ಟಸ್‌ನ ಕೊನೆಯ ಊಟಕ್ಕೆ ಬಂದ ಅತಿಥಿಗಳು ಅವರು. ನಟರು ಅದೇ ಮೇಜಿನ ಮೇಲೆ ನಡೆದಾಡುತ್ತಿದ್ದರು. ಯಾರನ್ನೂ ಎಬ್ಬಿಸಿ ಕುಣಿಸಲಿಲ್ಲ. ಕೂತಿದ್ದೇ ಅವರ ಪಾತ್ರ. ಕಲ್ಕತ್ತೆಯಲ್ಲಿ ಬಾದಲ್ ಸರ್ಕಾರ್ 1970ರ ದಶಕದಲ್ಲಿ ಪರದೆ, ದೀಪ, ರಂಗಸಜ್ಜಿಕೆಗಳನ್ನೆಲ್ಲ ಬಿಟ್ಟು, ಒಂದು ಕೋಣೆಯಲ್ಲಿ ನೋಡುಗರ ನಡುವೆಯೇ ಆಡತೊಡಗಿದರು.

ಅಷ್ಟು ದೂರವೂ ಬೇಡ. ಸಂಪಾಜೆ ಘಾಟಿ ಇಳಿದರೆ ಮಳೆಗಾಲದಲ್ಲಿ ಯಕ್ಷಗಾನದ ಚಿಕ್ಕಮೇಳದವರು ಸಂಜೆ ಹೊತ್ತು ಮನೆ ಮನೆಗೆ ಬರುತ್ತಾರೆ. ಭಾಗವತರು, ಚೆಂಡೆ ಮದ್ದಳೆಯವರು, ಎರಡು ವೇಷ. ಪಡಸಾಲೆಯಲ್ಲಿ ದೀಪ ಹಚ್ಚಿ ಅಕ್ಕಿ ತೆಂಗಿನಕಾಯಿ ಇಟ್ಟರೆ ಒಂದು ಪ್ರಸಂಗದ ತುಣುಕು ಆಡಿ ಮುಂದಿನ ಮನೆಗೆ ಹೋಗುತ್ತಾರೆ. ನೋಡುವವರು ಮನೆಯವರು ಐದಾರು ಮಂದಿ. ವೇಷಧಾರಿಯ ಬೆವರು ನಿಮ್ಮ ನೆಲದ ಮೇಲೆ ಬೀಳುತ್ತದೆ. ಇದಕ್ಕಿಂತ ಹತ್ತಿರದ ರಂಗಭೂಮಿ ಬೇರೆ ಯಾವುದಿದೆ?

ಶನಿವಾರಸಂತೆಯವ
ಮೇಷ್ಟರೇ, ಎಲ್ಲ ಸರಿ, ಆದರೆ ಬಾದಲ್ ಸರ್ಕಾರರು ನಾಟಕ ಮುಗಿದ ಮೇಲೆ ಬಟ್ಟೆ ಹಿಡಿದು ಕೊಟ್ಟಷ್ಟು ಪಡೆಯುತ್ತಿದ್ದವರು. ಚಿಕ್ಕಮೇಳಕ್ಕೂ ಕೊಟ್ಟಷ್ಟೇ. ಇಲ್ಲಿ 1,200! ಇದರಲ್ಲಿ ನಾನು ಇಡೀ ಕುಟುಂಬವನ್ನು ಮೈಸೂರಿಗೆ ಕರೆದುಕೊಂಡು ಹೋಗಿ ರಂಗಾಯಣದಲ್ಲಿ ನಾಟಕ ತೋರಿಸಿ ಊಟ ಹಾಕಿಸಿ ಕರೆತರುತ್ತೇನೆ. ಹನ್ನೆರಡೇ ಜನ ಎಂಬುದು ಕಲೆಯ ಅಗತ್ಯವೋ ಅಥವಾ ರೆಸಾರ್ಟಿನ ಅತಿಥಿಗಳಿಗೆ ಮಾರುವ ವಿಧಾನವೋ? ನನಗೆ ಎರಡನೆಯದೇ ಎನಿಸುತ್ತದೆ.

ಬಣ್ಣದ ಮನೆ
ಪುತ್ತೂರಿನವನು, ಇಂಥ ಎರಡು ಪ್ರಯೋಗಗಳಲ್ಲಿ ನಟಿಸಿದ್ದೇನೆ. ಈ ತಂಡ ನನ್ನದಲ್ಲ. ಮೊದಲು ಲೆಕ್ಕ ಹೇಳಿಬಿಡುತ್ತೇನೆ.

ಹನ್ನೆರಡು ಜನ, ತಲಾ 1,200 ಎಂದರೆ 14,400. ಸಂಜೆಗೆ ಎರಡು ಪ್ರದರ್ಶನವಾದರೆ 28,800. ಅದರಲ್ಲಿ ಆರು ನಟರು, ಧ್ವನಿ ಬೆಳಕಿನವರು, ಅಡುಗೆ ಮನೆಯಲ್ಲಿ ಕಾಫಿ ಕಾಯಿಸುವವರು, ಬಂಗಲೆಯ ಬಾಡಿಗೆ, ಬೆಂಗಳೂರಿನಿಂದ ಬಂದು ಹೋಗುವ ಖರ್ಚು, ಜನರೇಟರಿನ ಡೀಸೆಲ್. ಮುನ್ನೂರು ಆಸನದ ಸಭಾಂಗಣದಲ್ಲಿ ನೂರು ರೂಪಾಯಿ ಟಿಕೆಟ್ ಇಟ್ಟರೆ ಒಂದೇ ಪ್ರದರ್ಶನಕ್ಕೆ ಮೂವತ್ತು ಸಾವಿರ ಬರುತ್ತದೆ. ಶ್ರೀಮಂತರಾಗಲು ಯಾರೂ ಹನ್ನೆರಡು ಜನರ ನಾಟಕ ಮಾಡುವುದಿಲ್ಲ ಸ್ವಾಮಿ.

ಈಗ ತಂಗಿಯ ಪ್ರಶ್ನೆ. ಒಳ್ಳೆಯ ತಂಡ ಯಾರನ್ನೂ ಎಳೆಯುವುದಿಲ್ಲ. ನಮಗೆ ಕಲಿಸುವ ಮೊದಲ ಪಾಠವೇ ಅದು: ಅಂಗೈ ಮೇಲೆ ಮಾಡಿ ಕೈ ಚಾಚಿ ಕಾಯಬೇಕು. ಪ್ರೇಕ್ಷಕರು ಕೈ ಕೊಟ್ಟರೆ ಮುಂದಕ್ಕೆ, ಕೊಡದಿದ್ದರೆ ಅದೇ ಸಹಜವೆಂಬಂತೆ ಪಕ್ಕದವರತ್ತ ತಿರುಗಬೇಕು. ಒಲ್ಲೆ ಎಂದವರಿಗೆ ಮುಜುಗರವಾದರೆ ಸೋತವನು ನಟ. ನೀವು ಬರೀ ತಲೆಯಾಡಿಸಿದರೂ ಸಾಕು, ನಾಟಕ ನಿಲ್ಲುವುದಿಲ್ಲ.

ಸಹಿ ಹಾಕುವ ಕಾಗದವನ್ನು ದಯವಿಟ್ಟು ಓದಿ. ಕತ್ತಲೆ ಎಷ್ಟು ಹೊತ್ತು, ಹೊಗೆ ಅಥವಾ ಮಿಣುಕುವ ದೀಪ ಇದೆಯೇ, ಮುಟ್ಟುತ್ತಾರೆಯೇ, ಮೆಟ್ಟಿಲು ಎಷ್ಟು, ಮಧ್ಯದಲ್ಲಿ ಹೊರಬರುವ ದಾರಿ ಯಾವುದು, ಇಷ್ಟು ಅದರಲ್ಲಿ ಇರಬೇಕು. ಇಲ್ಲದಿದ್ದರೆ ಕೇಳಿ. ಅಪ್ಪನ ಎಡಗಿವಿಯ ವಿಷಯವನ್ನು ಮುಂಚೆಯೇ ಫೋನಿನಲ್ಲಿ ತಿಳಿಸಿ. ಆರು ನಟರಿಗೂ ಆ ಮಾತು ಮುಟ್ಟುತ್ತದೆ, ಬಲಗಡೆಯಿಂದಲೇ ಮಾತನಾಡಿಸುತ್ತಾರೆ. ಮುನ್ನೂರು ಜನರ ಸಭಾಂಗಣದಲ್ಲಿ ಈ ಉಪಚಾರ ಸಿಗುತ್ತದೆಯೇ?

ಶನಿವಾರಸಂತೆಯವ
ಡೀಸೆಲ್ ಲೆಕ್ಕ ಒಪ್ಪಿದೆ. ಆದರೂ ಟಿಕೆಟ್ ಕೊಳ್ಳಬಲ್ಲವರು ಯಾರು ಎಂಬ ನನ್ನ ಪ್ರಶ್ನೆ ಹಾಗೇ ಉಳಿಯಿತು.

ಹಾರಂಗಿ ದಂಡೆ
ಮಡಿಕೇರಿ ದಸರೆಯ ದಶಮಂಟಪಗಳ ಮೆರವಣಿಗೆ ನೋಡಿ ಬೆಳೆದವರು ನಾವು. ರಾತ್ರಿಯಿಡೀ ಕಾಲಿಡಲು ಜಾಗವಿಲ್ಲದ ಜನಜಂಗುಳಿ, ಟ್ರ್ಯಾಕ್ಟರಿನ ಮೇಲೆ ಕಣ್ಣು ಹೊರಳಿಸುವ ರಾಕ್ಷಸ, ಎದೆ ನಡುಗಿಸುವ ಸ್ಪೀಕರ್. ಹನ್ನೆರಡು ಜನರ ನಾಟಕದಲ್ಲಿ ನನಗೆ ನಿದ್ದೆ ಬಂದರೆ ಎಲ್ಲರಿಗೂ ಗೊತ್ತಾಗುತ್ತದಲ್ಲ!

ಮಕ್ಕಂದೂರು ಕಡೆಯವಳು
ಬಣ್ಣದ ಮನೆಯವರಿಗೆ ಒಂದು ಪ್ರಶ್ನೆ. 2018ರ ಆಗಸ್ಟಿನಲ್ಲಿ ನಮ್ಮ ಮನೆಯ ಹಿಂದಿನ ಬರೆ, ಅಂದರೆ ಗುಡ್ಡದ ಕಡಿದಾದ ಮಣ್ಣು, ಕುಸಿಯಿತು. ಜೀವ ಉಳಿಯಿತು, ಮನೆ ಹೋಯಿತು. ಈಗಲೂ ರಾತ್ರಿ ಜೋರು ಮಳೆ ಬಂದರೆ ನಾನು ಎದ್ದು ಕೂರುತ್ತೇನೆ. ಇಂಥ ನಾಟಕದಲ್ಲಿ ದೀಪ ಆರಿಸಿ ಮಳೆಯ ಸದ್ದು ಹಾಕಿದರೆ? ಹೊರಗೆ ಬರುತ್ತೇನೆ ಎಂದು ಹೇಳುವಷ್ಟು ಸ್ವರವೂ ಆಗ ಇರುವುದಿಲ್ಲ.

ದಾರಿಹೋಕ
ಹಾಗಿದ್ದರೆ ಹೋಗದಿದ್ದರಾಯಿತು. ಎಲ್ಲವೂ ಎಲ್ಲರಿಗಾಗಿ ಅಲ್ಲ.

ಏಲಕ್ಕಿ ಗಾಳಿ
ದಾರಿಹೋಕರೇ, ಅವರು ಕೇಳಿದ್ದು ಹೇಗೆ ಹೋಗುವುದು ಎಂದು. ನಿಮ್ಮ ಅಪ್ಪಣೆಯನ್ನಲ್ಲ.

ಬಣ್ಣದ ಮನೆ
ಅಕ್ಕಾ, ನಿಮ್ಮ ಪ್ರಶ್ನೆ ಈ ಇಡೀ ಚರ್ಚೆಯಲ್ಲೇ ಮುಖ್ಯವಾದದ್ದು. ಬಾಯಿಬಿಡಲು ಆಗದವರಿಗಾಗಿಯೇ ಒಂದು ಸನ್ನೆ ಇಟ್ಟಿರುತ್ತಾರೆ. ನಾವು ಎರಡೂ ಕೈಗಳನ್ನು ಎದೆಗೆ ಅಡ್ಡ ಕಟ್ಟುವುದನ್ನು ಇಟ್ಟಿದ್ದೆವು. ಅದನ್ನು ಕಂಡ ನಟ ಪಾತ್ರದಲ್ಲಿದ್ದುಕೊಂಡೇ 'ಬನ್ನಿ, ಹೊರಗೆ ಗಾಳಿ ಚೆನ್ನಾಗಿದೆ' ಎಂದು ಕರೆದೊಯ್ಯಬೇಕು. ಕೊಡಗಿನಲ್ಲಿ ಮಳೆಯ ಸದ್ದು ಬಳಸುವ ತಂಡ ಅದನ್ನು ಮುಂಚೆ ಹೇಳದಿದ್ದರೆ ಬೇಜವಾಬ್ದಾರಿ. ಅದು ಇನ್ನೊಂದು ಊರಿನಲ್ಲಿ ಬರೀ ಹಿನ್ನೆಲೆ, ಇಲ್ಲಿ ಅಲ್ಲ.

ತೊಂದರೆ ನಟರಿಗೂ ಇದೆ, ಅದನ್ನು ಯಾರೂ ಕೇಳುವುದಿಲ್ಲ. ಏಲಕ್ಕಿ ಗಾಳಿಯವರು ಹೇಳಿದ ಮುಖವಾಡದ ನಾಟಕದಲ್ಲಿ ಪ್ರೇಕ್ಷಕರು ಕತ್ತಲೆಯಲ್ಲಿ ತಮ್ಮ ಮೈಮುಟ್ಟಿದರು ಎಂದು ನಟರು ಹೇಳಿಕೊಂಡದ್ದು 2018ರಲ್ಲಿ ಸುದ್ದಿಯಾಗಿತ್ತು. ಇನ್ನೂ ಹಿಂದೆ, 1968ರಲ್ಲಿ, ನ್ಯೂಯಾರ್ಕಿನ ಒಂದು ಗ್ಯಾರೇಜಿನಲ್ಲಿ ರಿಚರ್ಡ್ ಶೆಕ್ನರ್ ಹಳೆಯ ಗ್ರೀಕ್ ಕಥೆಯೊಂದನ್ನು ಪ್ರೇಕ್ಷಕರ ನಡುವೆ ಆಡಿಸಿದ. ನಟರು ಪ್ರೇಕ್ಷಕರನ್ನು ನೇವರಿಸುವ ದೃಶ್ಯವೊಂದಿತ್ತು. ಜನ ಅದನ್ನೇ ಸಲಿಗೆ ಮಾಡಿಕೊಂಡಾಗ ದೃಶ್ಯವನ್ನೇ ಬದಲಿಸಬೇಕಾಯಿತು. ಆದರೆ ಅದೇ ನಾಟಕದ ಇನ್ನೊಂದು ರಾತ್ರಿ, ಬಲಿಯಾಗಬೇಕಿದ್ದ ಪೆಂಥಿಯಸ್‌ನನ್ನು ಕೆಲವು ವಿದ್ಯಾರ್ಥಿಗಳು ಎತ್ತಿಕೊಂಡು ಹೊರಗೆ ಓಡಿದರು. ಅವನನ್ನು ಸಾಯಲು ಬಿಡುವುದಿಲ್ಲ ಎಂದು!

ಕರಿಮೆಣಸು
ಇದು ಚೆನ್ನಾಗಿದೆ. ನಾನು ಬಂದರೆ ಆ ಮನೆ ಮಾರುವ ದಲ್ಲಾಳಿಯನ್ನು ಎತ್ತಿಕೊಂಡು ಓಡುತ್ತೇನೆ.

ಲೈನ್‌ಮನೆ
ನನಗೆ ಒಂದು ಚಿಕ್ಕ ಸಂದೇಹ. ಪ್ರೇಕ್ಷಕರು ಬಂಗಲೆಗೆ ಯಾವ ಬಾಗಿಲಿನಿಂದ ಒಳಗೆ ಹೋಗುತ್ತಾರೆ?

ಮೂರ್ನಾಡು ಹುಡುಗಿ
ಮುಂಬಾಗಿಲಿನಿಂದಲೇ ಇರಬೇಕು. ಏಕೆ?

ಲೈನ್‌ಮನೆ
ನನ್ನ ಅಮ್ಮ ಸಿದ್ದಾಪುರದ ಹತ್ತಿರದ ತೋಟವೊಂದರಲ್ಲಿ ದುಡಿದವರು. ಅಂಥದ್ದೇ ಬಂಗಲೆ. ನಡುಮನೆಯ ನೆಲದ ಬಣ್ಣ ಯಾವುದೆಂದು ಅವರಿಗೆ ಇವತ್ತಿಗೂ ಗೊತ್ತಿಲ್ಲ. ಹಿಂಬಾಗಿಲ ಜಗಲಿಯವರೆಗೆ ಮಾತ್ರ. ನಾಟಕದಲ್ಲಿ ಎಲ್ಲರೂ ಆ ಮನೆಯ ನೆಂಟರು ಎಂದಿರಿ. ಹಾಗಾಗಿ ಕೇಳಿದೆ. ಹೋಗಿ ಬಂದು ಹೇಳಿ.

ಊರಿಗೆ ಮರಳಿದವ
ಕಕ್ಕಬೆಯಲ್ಲಿ ಹೋಂಸ್ಟೇ ನಡೆಸುತ್ತೇನೆ. ಎಲ್ಲದರಲ್ಲೂ ಹುಳುಕು ಹುಡುಕಬೇಡಿ. ತಡಿಯಂಡಮೋಳ್ ಬೆಟ್ಟ ಹತ್ತಿ ಇಳಿದು ಜೀಪಿನಲ್ಲಿ ಕಿರುಚುತ್ತಾ ಹೋಗುವ ಪ್ರವಾಸಿಗರ ನಡುವೆ ಯಾರೋ ನಾಟಕ ತಂದಿದ್ದಾರೆ. ನಮ್ಮ ಕಡೆ ಸಂಜೆ ಏಳರ ಮೇಲೆ ಮಾಡಲು ಏನಿದೆ? ಮುಂದಿನ ಸಲ ಯಾವುದಾದರೂ ಕೊಡವ ಕುಟುಂಬದ ಮೂಲಮನೆಯಲ್ಲಿ, ಅಂದರೆ ಐನ್‌ಮನೆಯಲ್ಲಿ ಆಡಲಿ. ನಾಲ್ಕುನಾಡು ಅರಮನೆಯಲ್ಲಿ ಆಡಿದರಂತೂ ಕೇಳುವುದೇ ಬೇಡ. 1792ರ ಸುಮಾರಿಗೆ ದೊಡ್ಡವೀರರಾಜೇಂದ್ರ ಕಟ್ಟಿಸಿದ್ದು, 1834ರಲ್ಲಿ ಇಂಗ್ಲಿಷರು ಬಂದಾಗ ಕೊನೆಯ ಅರಸ ಚಿಕ್ಕವೀರರಾಜೇಂದ್ರ ಅಡಗಿದ್ದ ಜಾಗ. ಆ ಕತ್ತಲೆ ಕೋಣೆಗಳಿಗೆ ರಂಗಸಜ್ಜಿಕೆಯೇ ಬೇಡ.

ಕೈಯಾಲೆ
ಅರಮನೆಗೆ ಪುರಾತತ್ವ ಇಲಾಖೆ ಒಪ್ಪಬೇಕು, ಅದು ಬೇರೆ ಮಾತು. ಐನ್‌ಮನೆಯ ಬಗ್ಗೆ ಒಂದು ಮಾತು ಹೇಳಲೇಬೇಕು ಅಣ್ಣ. ಅದರ ನಡುಮನೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ತೂಗುವ ದೀಪದ ಎದುರು ಒಕ್ಕದವರು, ಅಂದರೆ ಒಂದೇ ಮನೆತನದವರು, ನಮ್ಮ ಹಿರೀಕರಾದ ಕಾರಣವರನ್ನು ನೆನೆಯುತ್ತೇವೆ. ಮದುವೆ, ಸಾವು ಎಲ್ಲವೂ ಅದರ ಸಾಕ್ಷಿಯಲ್ಲಿ. ಅಲ್ಲಿ ಟಿಕೆಟ್ ಹರಿದು ಒಳಗೆ ಬಂದವರ ಎದುರು ಸುಳ್ಳು ಪಾಲು ಮಾಡುವುದು ನನಗೆ ಸರಿ ಕಾಣುವುದಿಲ್ಲ. ಹೊರಜಗಲಿಯಾದ ಕೈಯಾಲೆಯಲ್ಲಿ, ಅಂಗಳದಲ್ಲಿ ಆಡಲಿ, ಜಗಲಿಯ ಮರದ ಹಲಗೆಯಾದ ಐಮರದ ಮೇಲೆ ನಾನೇ ಕುಳಿತು ನೋಡುತ್ತೇನೆ.

ನಿವೃತ್ತ ಮೇಷ್ಟರು, ನಾಪೋಕ್ಲು
ನಾಟಕ ನಮಗೆ ಹೊರಗಿನದಲ್ಲ. ಹರದಾಸ ಅಪ್ಪಚ್ಚ ಕವಿ 1906ರಲ್ಲೇ ಕೊಡವ ಭಾಷೆಯಲ್ಲಿ ಯಯಾತಿ ನಾಟಕ ಬರೆದರು. ಆದರೆ ಕೈಯಾಲೆಯವರ ಮಾತು ಒಪ್ಪಿದೆ. ಎಲ್ಲಿ ಆಡಬಾರದು ಎಂಬುದನ್ನು ಮನೆಯವರು ಹೇಳಬೇಕು, ನಿರ್ದೇಶಕರಲ್ಲ.

ಹಾರಂಗಿ ದಂಡೆ
ನೋಡುಗರನ್ನು ಒಳಗೆ ಸೇರಿಸಿಕೊಳ್ಳುವುದೆಂದರೆ ದೇವರಪುರದ ಕುಂಡೆ ಹಬ್ಬ ಇಲ್ಲವೇ? ಮೇ ತಿಂಗಳಲ್ಲಿ ಗೋಣಿಕೊಪ್ಪದ ಪೇಟೆಯಲ್ಲಿ ವೇಷ ಹಾಕಿದವರು ಕಾರು ತಡೆದು, ಬೈದು, ಕಾಸು ಕೇಳದೆ ಬಿಡುವುದಿಲ್ಲ. ಸಹಿಯೂ ಇಲ್ಲ, ಕಾಗದವೂ ಇಲ್ಲ.

ಲೈನ್‌ಮನೆ
ಅದು ನಾಟಕವಲ್ಲ, ಹರಕೆ. ವರ್ಷವಿಡೀ ಬೈಸಿಕೊಂಡವರು ಒಂದು ದಿನ ಎಲ್ಲರನ್ನೂ, ದೇವರನ್ನೂ ಬೈದು, ಕೊನೆಗೆ ಅದೇ ದೇವರಲ್ಲಿ ತಪ್ಪಾಯಿತೆಂದು ಬೇಡಿಕೊಳ್ಳುತ್ತಾರೆ. ನೋಡಲು ಬಂದವರ ಮನರಂಜನೆಗೆ ನಡೆಯುವುದಲ್ಲ.

ಕೈಯಾಲೆ
ದೈವ ಮೈಮೇಲೆ ಬರುವ ತೆರೆಯೂ ಹಾಗೆಯೇ. ವಿಷ್ಣುಮೂರ್ತಿ ಕೆಂಡದಿಂದ ಎದ್ದು ಬಂದು ನಿಮ್ಮ ಕೈ ಹಿಡಿದು ಮಾತನಾಡಿದರೆ ಅಲ್ಲಿ ನೀವು ಪ್ರೇಕ್ಷಕರೇ ಅಲ್ಲ.

ನಿರ್ವಾಹಕ
ಹಬ್ಬಗಳ ಚರ್ಚೆಗೆ ಬೇರೆ ಎಳೆ ಇದೆ. ಇಲ್ಲಿ ಮೂರ್ನಾಡಿನವರ ಪ್ರಶ್ನೆಗೆ ಬನ್ನಿ.

ಮೂರ್ನಾಡು ಹುಡುಗಿ
ನಿನ್ನೆ ಹೋಗಿ ಬಂದೆವು. ಉದ್ದವಾಗಿ ಬರೆಯುತ್ತೇನೆ, ಸಹಿಸಿಕೊಳ್ಳಿ.

ಫೋನಿನಲ್ಲಿ ಅಪ್ಪನ ಕಿವಿ, ಮಂಡಿ ಎರಡರ ಬಗ್ಗೆಯೂ ಹೇಳಿದ್ದೆ. ಕಾಗದದಲ್ಲಿ ಬಣ್ಣದ ಮನೆಯವರು ಹೇಳಿದ್ದರಲ್ಲಿ ಹೆಚ್ಚಿನವು ಇದ್ದವು, ಮಳೆಯ ಸದ್ದಿನ ಬಗ್ಗೆ ಏನೂ ಇರಲಿಲ್ಲ. ಕೇಳಿದೆ. ಇಲ್ಲ ಎಂದರು. ನಿಜವಾಗಿಯೂ ಇರಲಿಲ್ಲ. ಜಗಲಿಯಲ್ಲಿ ಪ್ರತಿಯೊಬ್ಬರಿಗೂ ಒಂದು ಚೀಟಿ ಕೊಟ್ಟರು. ನಾನು ತೀರಿಹೋದ ಯಜಮಾನರ ತಂಗಿಯ ಮಗಳು. ಅಪ್ಪ ಯಜಮಾನರ ತಮ್ಮ. ಉಳಿದವರಲ್ಲಿ ಹೈದರಾಬಾದಿನ ಒಂದು ಜೋಡಿ, ಮೈಸೂರಿನ ಕಾಲೇಜು ಹುಡುಗರು, ವಿರಾಜಪೇಟೆಯ ಒಬ್ಬ ವೈದ್ಯರು ಇದ್ದರು.

ನಮ್ಮನ್ನು ನಾಲ್ಕು ನಾಲ್ಕು ಜನರಂತೆ ಮೂರು ಗುಂಪು ಮಾಡಿದರು. ನಾನು ಮೊದಲು ಅಡುಗೆ ಮನೆಗೆ. ಅಲ್ಲಿ ಮನೆಯ ಅಜ್ಜಿ. ಆ ನಟಿಗೆ ಮೂವತ್ತೈದು ದಾಟಿರಲಾರದು, ಕೂದಲಿಗೆ ಬಿಳಿ ಬಣ್ಣವನ್ನೂ ಹಚ್ಚಿರಲಿಲ್ಲ. ಆದರೆ ಮಣೆಯಿಂದ ಏಳುವಾಗ ಕೈ ಊರಿದ ರೀತಿ ಕಂಡು ನಾನೇ ಮುಂದೆ ಬಂದು ಆಸರೆ ಕೊಡಲು ಹೋದೆ. ಅವರು ನನಗೆ ಮಾತನಾಡು ಎನ್ನಲಿಲ್ಲ. ಮೊರದಲ್ಲಿ ಅವರೆಕಾಯಿ ಕೊಟ್ಟು ಬಿಡಿಸು ಎಂದರು. ಕೈಗೆ ಕೆಲಸ ಸಿಕ್ಕಿದ ಮೇಲೆ ಸಂಕೋಚ ಎಲ್ಲಿಗೋ ಹೋಯಿತು. 'ನಿನ್ನ ತಾಯಿ ಈ ಮನೆಗೆ ಬರುವುದನ್ನು ಏಕೆ ಬಿಟ್ಟಳು?' ಎಂದು ಕೇಳಿದಾಗ ನಾನು ಏನೋ ಒಂದು ಕಾರಣ ಕಟ್ಟಿ ಹೇಳಿದೆ! ನಾನು!

ಆಮೇಲೆ ಕಚೇರಿ ಕೋಣೆ. ಹಳೆಯ ಪಹಣಿಗಳು, ಕಾಫಿ ತೂಕದ ಪುಸ್ತಕ, ಆಳುಗಳ ಸಂಬಳದ ಪುಸ್ತಕ. ಬೇಕಾದ್ದನ್ನು ತೆರೆದು ಓದಬಹುದಿತ್ತು. ಮೂರನೆಯದು ಮಹಡಿಯ ಮೇಲಿನ ಮಲಗುವ ಕೋಣೆ. ಅಪ್ಪನ ಗುಂಪಿಗೆ ಮಾತ್ರ ಅದೇ ದೃಶ್ಯವನ್ನು ಕೆಳಗಿನ ಪಕ್ಕದ ಕೋಣೆಯಲ್ಲಿ ಆಡಿದರಂತೆ. ಈ ಭಾಗ ಸ್ವಲ್ಪ ಎಳೆದಂತಿತ್ತು, ಮಗಳ ಪಾತ್ರದವರು ಪಿಸುಗುಟ್ಟಿದ್ದೆಲ್ಲ ನಾಲ್ವರಿಗೂ ಕೇಳಿಸಲಿಲ್ಲ.

ಕೊನೆಗೆ ಎಲ್ಲರೂ ಊಟದ ಮೇಜಿಗೆ. ಹಿರಿಯ ಮಗ ಪಾಲಿನ ಕರಾರು ಓದಿ, ಒಬ್ಬೊಬ್ಬರನ್ನೂ ನೋಡಿ, 'ಈ ಮನೆಯಿಂದ ನಿಮಗೆ ಏನು ಬೇಕು?' ಎಂದು ಕೇಳುತ್ತಾನೆ. ಹೈದರಾಬಾದಿನವರು ಗಡಿಯಾರ ಎಂದರು. ಕಾಲೇಜು ಹುಡುಗನೊಬ್ಬ ಬೀಟೆಮರದ ಮಂಚ ಎಂದಾಗ ಎಲ್ಲರೂ ನಕ್ಕೆವು. ಅಪ್ಪನ ಸರದಿ ಬಂತು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, 'ನನ್ನ ಪಾಲನ್ನು ನಾನು 2001ರಲ್ಲೇ ಮಾರಿದ್ದೇನೆ. ಕೇಳಲು ನನಗೇನು ಹಕ್ಕು?' ಎಂದರು.

ಇದು ಚೀಟಿಯಲ್ಲಿ ಇರಲಿಲ್ಲ. ಕಾಫಿ ಬೆಲೆ ನೆಲಕಚ್ಚಿದ ಆ ವರ್ಷ ಅಪ್ಪ ನಿಜವಾಗಿಯೂ ತಮ್ಮ ಪಾಲಿನ ತೋಟ ಮಾರಿದ್ದರು. ಮನೆಯಲ್ಲಿ ಅದರ ಮಾತೇ ಎತ್ತುವುದಿಲ್ಲ. ಹಿರಿಯ ಮಗನ ಪಾತ್ರದವರು ಪೆನ್ನು ಕೆಳಗಿಟ್ಟರು. ಅಜ್ಜಿ ಎದ್ದು ಬಂದು ಅಪ್ಪನ ಬಲಗಡೆ ನಿಂತು, 'ಬೆಲೆ ಸಿಕ್ಕಿತೇ?' ಎಂದು ಕೇಳಿದರು. 'ಇಲ್ಲ' ಎಂದರು ಅಪ್ಪ. 'ಆ ವರ್ಷ ಯಾರಿಗೂ ಸಿಗಲಿಲ್ಲ' ಎಂದು ಅವರ ತಟ್ಟೆಗೆ ಇನ್ನೊಂದು ಕಡುಬು ಹಾಕಿ ನಾಟಕ ಮುಂದುವರಿಸಿದರು.

ಏಲಕ್ಕಿ ಗಾಳಿ
ಓದಿ ರೋಮಾಂಚನವಾಯಿತು. ಆ ನಟಿಗೆ ಕೈ ಮುಗಿಯಬೇಕು.

ಶನಿವಾರಸಂತೆಯವ
ನನಗೆ ಸಿಟ್ಟು ಬಂತು. ಒಬ್ಬ ಹಿರಿಯರ ಇಪ್ಪತ್ತು ವರ್ಷದ ನೋವು ಹೈದರಾಬಾದಿನ ಪ್ರವಾಸಿಗರ ಎದುರು ಒಳ್ಳೆಯ ಸಂಭಾಷಣೆಯಾಯಿತು, ಅದೂ ಟಿಕೆಟಿಗೆ ಅವರಿಂದಲೇ ದುಡ್ಡು ಪಡೆದು.

ಮೂರ್ನಾಡು ಹುಡುಗಿ
ಅಪ್ಪ ಸಣ್ಣ ಮಗುವಲ್ಲ ಅಣ್ಣ. ಗಡಿಯಾರ ಬೇಕು ಎಂದು ಅವರೂ ಹೇಳಬಹುದಿತ್ತು. ಹೇಳಬೇಕೆನಿಸಿದ್ದನ್ನು ಹೇಳಿದರು.

ಬಣ್ಣದ ಮನೆ
ಇಬ್ಬರ ಮಾತಿನಲ್ಲೂ ಹುರುಳಿದೆ. 'ಬೆಲೆ ಸಿಕ್ಕಿತೇ' ಎಂಬ ಪ್ರಶ್ನೆ ಅಪಾಯದ ಅಂಚಿನಲ್ಲಿತ್ತು. ನಾನಾಗಿದ್ದರೆ ಕೇಳುತ್ತಿರಲಿಲ್ಲ. ಆದರೆ ಅಲ್ಲಿಗೇ ನಿಲ್ಲಿಸಿ, ಇನ್ನೂ ಕೆದಕದೆ, ಉತ್ತರದ ಭಾರವನ್ನು ಅವರೊಬ್ಬರ ಮೇಲೆ ಬಿಡದೆ 'ಯಾರಿಗೂ ಸಿಗಲಿಲ್ಲ' ಎಂದರಲ್ಲ, ಅದು ತಯಾರಿ. 2001ರಲ್ಲಿ ಏನಾಯಿತೆಂದು ಗೊತ್ತಿಲ್ಲದ ನಟಿಯ ಬಾಯಲ್ಲಿ ಆ ವಾಕ್ಯ ಬರುತ್ತಿರಲಿಲ್ಲ. ಬೆಂಗಳೂರಿನಿಂದ ಬಂದವರು ಇಲ್ಲಿನ ಕಾಫಿ ಬೆಲೆಯ ಚರಿತ್ರೆ ಓದಿಕೊಂಡು ಬಂದಿದ್ದಾರೆ.

ಊರಿಗೆ ಮರಳಿದವ
ನಟಿಯ ತವರು ಮನೆ ಇಲ್ಲೇ ಬಾಳೆಲೆಯ ಕಡೆಯಂತೆ. ಓದಿದ್ದಲ್ಲ, ಅನುಭವಿಸಿದ್ದು.

ಲೈನ್‌ಮನೆ
ತಂಗೀ, ಸಂಬಳದ ಪುಸ್ತಕದಲ್ಲಿ ಹೆಸರುಗಳಿದ್ದವೇ?

ಮೂರ್ನಾಡು ಹುಡುಗಿ
ಇದ್ದವು. ಹೆಸರು, ದಿನ, ಕೂಲಿ, ಪಕ್ಕದಲ್ಲಿ ಹೆಬ್ಬೆಟ್ಟು. ಯಾರೂ ಗಟ್ಟಿಯಾಗಿ ಓದಲಿಲ್ಲ. ಕೆಲಸದವರ ಪಾತ್ರ ಒಂದಿತ್ತು. ಕೋಣೆಯಿಂದ ಕೋಣೆಗೆ ನಮಗೆ ಬಾಗಿಲು ತೆರೆಯುವುದು, ದೀಪ ಹಿಡಿಯುವುದು. ಮಾತಿಲ್ಲ.

ಲೈನ್‌ಮನೆ
ಅಂದುಕೊಂಡೆ. ಹನ್ನೆರಡು ಚೀಟಿಗಳಲ್ಲಿ ಒಂದಾದರೂ 'ನೀವು ಈ ತೋಟದಲ್ಲಿ ಮೂವತ್ತು ವರ್ಷ ದುಡಿದವರು, ನಾಳೆ ಕೂಲಿಯವರ ಲೈನ್ ಮನೆ ಖಾಲಿ ಮಾಡಬೇಕು' ಎಂದು ಇದ್ದಿದ್ದರೆ ಆ ಮೇಜಿನ ಮಾತು ಬೇರೆಯಾಗುತ್ತಿತ್ತು. ಈ ಮನೆಯಿಂದ ಏನು ಬೇಕು ಎಂದು ಕೇಳಿದರೆ ಆ ಚೀಟಿಯವರು ಗಡಿಯಾರ ಎನ್ನುತ್ತಿದ್ದರೇ?

ಊರಿಗೆ ಮರಳಿದವ
ಎಲ್ಲರ ಕಥೆಯನ್ನೂ ಒಂದೂವರೆ ಗಂಟೆಯಲ್ಲಿ ಹೇಳಲು ಆಗುವುದಿಲ್ಲ ತಮ್ಮಾ. ಅದು ಆ ಕುಟುಂಬದ ಕಥೆ.

ಲೈನ್‌ಮನೆ
ಕಥೆ ಹೇಳಿ ಎನ್ನುತ್ತಿಲ್ಲ, ಒಂದು ಕುರ್ಚಿ ಹಾಕಿ ಎನ್ನುತ್ತಿದ್ದೇನೆ.

ಶನಿವಾರಸಂತೆಯವ
ಇನ್ನೊಂದು ಕೇಳುತ್ತೇನೆ. ನೀವು ಹನ್ನೆರಡೂ ಜನ ಸೇರಿ ಮಾರಬೇಡಿ ಎಂದಿದ್ದರೆ ಮನೆ ಉಳಿಯುತ್ತಿತ್ತೇ?

ಮೂರ್ನಾಡು ಹುಡುಗಿ
ಇಲ್ಲ. ವೈದ್ಯರು ಹಾಗೇ ಹೇಳಿದರು. ಹಿರಿಯ ಮಗ 'ನಿಮ್ಮ ಅಭಿಪ್ರಾಯ ಬರೆದುಕೊಂಡಿದ್ದೇನೆ' ಎಂದ. ಕರಾರು ಮೊದಲೇ ಆಗಿತ್ತು.

ಶನಿವಾರಸಂತೆಯವ
ಹಾಗಾದರೆ ನಿಮ್ಮನ್ನು ಕೇಳಿದ್ದು ಶಿಷ್ಟಾಚಾರಕ್ಕೆ. ಬ್ರೆಜಿಲಿನ ಆಗಸ್ಟೋ ಬೋಆಲ್ ರೂಪಿಸಿದ ರಂಗಪ್ರಯೋಗದಲ್ಲಿ ಪ್ರೇಕ್ಷಕ 'ನಿಲ್ಲಿಸಿ' ಎಂದರೆ ನಟ ನಿಲ್ಲಲೇಬೇಕು. ಪ್ರೇಕ್ಷಕನೇ ಆ ಪಾತ್ರದ ಜಾಗಕ್ಕೆ ಬಂದು ಇನ್ನೊಂದು ದಾರಿ ತೋರಿಸುತ್ತಾನೆ, ಉಳಿದ ನಟರು ಅದಕ್ಕೆ ಎದುರು ಕೊಡುತ್ತಾರೆ. ಅದು ಪಾಲ್ಗೊಳ್ಳುವಿಕೆ. ಇದು ಗ್ರಾಮಸಭೆ.

ಕರಿಮೆಣಸು
ಗ್ರಾಮಸಭೆಯಲ್ಲಿ ಕಡುಬು ಕೊಡುವುದಿಲ್ಲ.

ನಿವೃತ್ತ ಮೇಷ್ಟರು, ನಾಪೋಕ್ಲು
ಶನಿವಾರಸಂತೆಯವರೇ, ಮನೆ ಮಾರಾಟವಾಗುವಾಗ ನೆಂಟರ ಮಾತು ನಡೆಯುವುದಿಲ್ಲ ಎಂಬುದೇ ಆ ನಾಟಕದ ಮಾತಿರಬಹುದಲ್ಲ? ಪ್ರೇಕ್ಷಕರ ಕೈಕಟ್ಟಿ ಅದನ್ನು ಅನುಭವಕ್ಕೆ ತಂದಿದ್ದಾರೆ. ಅದು ಕೌಶಲ. ಆದರೆ ಲೈನ್‌ಮನೆಯವರ ಕುರ್ಚಿಯ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿಲ್ಲ. ತಂಡಕ್ಕೆ ಬರೆಯಿರಿ.

ಮಕ್ಕಂದೂರು ಕಡೆಯವಳು
ಮಳೆಯ ವಿಷಯ ಕೇಳಿ ತಿಳಿಸಿದ್ದಕ್ಕೆ ಧನ್ಯವಾದ ತಂಗಿ. ಹೊರಗೆ ಬರುವ ದಾರಿ ಹೇಗಿತ್ತು?

ಮೂರ್ನಾಡು ಹುಡುಗಿ
ಪ್ರತಿ ಕೋಣೆಯಲ್ಲೂ ಒಂದು ಬಾಗಿಲ ಮೇಲೆ ಚಿಕ್ಕ ಹಸಿರು ದೀಪ. ಅಲ್ಲಿಂದ ನೇರ ಅಂಗಳಕ್ಕೆ. ಕಾಲೇಜು ಹುಡುಗಿಯೊಬ್ಬಳು ಮಧ್ಯದಲ್ಲಿ ಎದ್ದು ಹೋಗಿ, ಸ್ವಲ್ಪ ಹೊತ್ತಿಗೆ ಅಲ್ಲಿಂದಲೇ ಮರಳಿ ಬಂದಳು. ಅಜ್ಜಿ 'ಬಂದೆಯಾ, ಕೂರು' ಎಂದರು, ಅಷ್ಟೇ.

ಹಾರಂಗಿ ದಂಡೆ
ವಾಪಸ್ ಬರುವ ವ್ಯವಸ್ಥೆ? ಆ ಹೊತ್ತಿಗೆ ಬಸ್ ಇರುವುದಿಲ್ಲವಲ್ಲ.

ಊರಿಗೆ ಮರಳಿದವ
ಬಸ್ ಬಿಡಿ, ಆನೆ ಇದೆ. ಎರಡನೇ ಪ್ರದರ್ಶನ ಮುಗಿಯುವ ಹೊತ್ತಿಗೆ ತೋಟದ ರಸ್ತೆಯಲ್ಲಿ ಬೈಕಿನಲ್ಲಿ ಯಾರೂ ಒಬ್ಬರೇ ಬರಬೇಡಿ. ಜೀಪ್ ಮಾಡಿಕೊಂಡು ಒಟ್ಟಿಗೆ ಹೊರಡಿ, ದಾರಿಯಲ್ಲಿ ನಿಲ್ಲಿಸಿ ಫೋಟೋ ತೆಗೆಯಬೇಡಿ.

ಏಲಕ್ಕಿ ಗಾಳಿ
ಬರುವ ಶನಿವಾರದ ಮೊದಲ ಪ್ರದರ್ಶನಕ್ಕೆ ನಾವು ಮಡಿಕೇರಿಯಿಂದ ನಾಪೋಕ್ಲು ದಾರಿಯಾಗಿ ಜೀಪಿನಲ್ಲಿ ಹೋಗುತ್ತಿದ್ದೇವೆ. ಎರಡು ಜಾಗ ಖಾಲಿ ಇದೆ. ಡೀಸೆಲ್ ಖರ್ಚು ಹಂಚಿಕೊಳ್ಳೋಣ.

ಲೈನ್‌ಮನೆ
ಒಂದು ನನಗಿರಲಿ. ಟಿಕೆಟ್ ತೆಗೆದಿದ್ದೇನೆ. ತಂಡಕ್ಕೆ ಫೋನ್ ಮಾಡಿ ಚೀಟಿಯ ವಿಷಯವನ್ನೂ ಹೇಳಿದೆ. ನೋಡುತ್ತೇವೆ ಎಂದಿದ್ದಾರೆ. ಸಿದ್ದಾಪುರದ ಬಸ್ಸಿನಲ್ಲಿ ಮಧ್ಯಾಹ್ನ ಮಡಿಕೇರಿಗೆ ಬಂದಿರುತ್ತೇನೆ.

ಕರಿಮೆಣಸು
ಇನ್ನೊಂದು ಜಾಗ ನನಗೆ. ಅಣ್ಣನನ್ನೂ ಕರೆದೆ, ಸಹಿ ಹಾಕುವ ಕಾಗದ ಇದೆ ಎಂದ ಕೂಡಲೇ ವಕೀಲರನ್ನು ಕೇಳಿ ಹೇಳುತ್ತೇನೆ ಎಂದ.